ಬಡ್ತಿ ಸಿಗಲಿಲ್ಲ ಅಂತ ಕೆಲಸ ಬಿಟ್ಟ ಮೇಷ್ಟ್ರು. ಇವತ್ತು ನಮ್ಮ ಪಂಪ್‌ಸೆಟ್ ಮೇಲೆ ಅವರದ್ದೇ ಹೆಸರು

ನಾಗಮಂಗಲ: ಕಿರ್ಲೋಸ್ಕರ್ ಅನ್ನೋ ಹೆಸರು ಕೇಳದ ರೈತರು ನಮ್ಮ ಕಡೆ ಯಾರೂ ಇಲ್ಲ. ನಾಗಮಂಗಲ, ಕೆ.ಆರ್.ಪೇಟೆ, ಪಾಂಡವಪುರದ ಪಂಪ್‌ಸೆಟ್ ಅಂಗಡಿಗಳಲ್ಲಿ ದಿನಾ ಓಡಾಡುವ ಹೆಸರು ಅದು. ಆದರೆ ಆ ಹೆಸರಿನ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದವರು, ತಿಂಗಳ ಸಂಬಳದ ಮೇಷ್ಟ್ರು ಕೆಲಸ ಬಿಟ್ಟು ಸೈಕಲ್ ಅಂಗಡಿಯಲ್ಲಿ ಕೂತವರು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಆದಿಚುಂಚನಗಿರಿ ಪಕ್ಕದ ಬಿ.ಜಿ.ನಗರದಲ್ಲಿ ಇಂಜಿನಿಯರಿಂಗ್ ಓದಿ ಬೆಂಗಳೂರಿನ ಕಂಪನಿ ಸೇರಿದ ಹುಡುಗರಲ್ಲಿ ಕೆಲವರಿಗಾದರೂ ಊರಿಗೆ ಬಂದು ಸ್ವಂತದ್ದು ಏನಾದ್ರೂ ಮಾಡೋಣ ಅನ್ನೋ ಆಸೆ ಇದೆ. ಅವರೂ, ಅವರ ಅಪ್ಪ ಅಮ್ಮನೂ ಈ ಕಥೆ ಒಂದ್ಸಲ ಓದಬೇಕು.

ಲಕ್ಷ್ಮಣರಾವ್ ಹುಟ್ಟಿದ್ದು 1869ರ ಜೂನ್ 20ರಂದು, ಗುರ್ಲಹೊಸೂರಿನಲ್ಲಿ. ತಂದೆ ಕಾಶೀನಾಥಪಂತರು ವೇದಾಂತ ಓದಿಕೊಂಡ ಪಂಡಿತರು. ಮಗನಿಗೆ ಮಾತ್ರ ಚಿತ್ರ ಮತ್ತು ಯಂತ್ರದ ಹುಚ್ಚು. ಮುಂಬೈಗೆ ಹೋಗಿ ಜೆ.ಜೆ. ಕಲಾಶಾಲೆ ಸೇರಿಕೊಂಡರು. ಅಲ್ಲಿ ಮೊದಲ ಪೆಟ್ಟು ಬಿತ್ತು. ಕೆಲವು ಬಣ್ಣಗಳು ಕಣ್ಣಿಗೆ ಸರಿಯಾಗಿ ಗೊತ್ತಾಗ್ತಿರಲಿಲ್ಲ. ಚಿತ್ರಕಾರನಾಗೋ ಕನಸು ಅಲ್ಲಿಗೇ ಮುಗೀತು. ಬಣ್ಣ ಬೇಡದ ಯಂತ್ರದ ನಕ್ಷೆ ಬರೆಯೋದನ್ನು ಕಲಿತು, ಮುಂಬೈನ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮೇಷ್ಟ್ರಾದರು.

ಕೆಲಸ ಚೆನ್ನಾಗೇ ಇತ್ತು. ಆದರೆ ತಮಗೆ ಬರಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್‌ಗೆ ಹೋಯ್ತು. ಬ್ರಿಟಿಷರ ಕಾಲ, ಕೇಳೋರು ಯಾರು? ಲಕ್ಷ್ಮಣರಾವ್ ರಾಜೀನಾಮೆ ಕೊಟ್ಟು ಬೆಳಗಾವಿಗೆ ಹೊರಟರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಕೆಲಸ ಬಿಟ್ಟಾಗ ಅವರು ಬರಿಗೈಲಿ ಇರಲಿಲ್ಲ. ಮೇಷ್ಟ್ರಾಗಿದ್ದಾಗಲೇ ಮುಂಬೈನಲ್ಲಿ ಸೈಕಲ್ ಕೊಂಡು ಬೆಳಗಾವಿಗೆ ಕಳಿಸೋರು. ಅಣ್ಣ ರಾಮಚಂದ್ರರಾವ್ ಅವನ್ನು ಮಾರೋರು, ಕೊಂಡವರಿಗೆ ಓಡಿಸೋದನ್ನೂ ಕಲಿಸೋರು. ಕಿರ್ಲೋಸ್ಕರ್ ಸಮೂಹ ಇವತ್ತಿಗೂ ತನ್ನ ಹುಟ್ಟಿನ ವರ್ಷ ಅಂತ ಹೇಳಿಕೊಳ್ಳೋದು 1888 ಅನ್ನೇ. ಅಂದ್ರೆ ಸಂಬಳ ನಿಲ್ಲೋ ಮುಂಚೆನೇ ವ್ಯಾಪಾರ ಶುರುವಾಗಿತ್ತು. ಅಂಗಡಿ ಇದ್ದ ಬೀದಿಗೆ ಬೆಳಗಾವಿಯಲ್ಲಿ ಈಗ ಕಿರ್ಲೋಸ್ಕರ್ ರಸ್ತೆ ಅಂತಲೇ ಹೆಸರು.

ಸೈಕಲ್ ಮಾರಿ ಬಂದ ದುಡ್ಡಲ್ಲಿ ಸಣ್ಣ ಕಾರ್ಖಾನೆ ಹಾಕಿ, ಮೇವು ಕತ್ತರಿಸುವ ಯಂತ್ರ ಮಾಡಿದರು. ಆಮೇಲೆ ಕಬ್ಬಿಣದ ನೇಗಿಲು. ಅಲ್ಲೇ ನಿಜವಾದ ಪರೀಕ್ಷೆ ಎದುರಾಗಿದ್ದು. ಕಬ್ಬಿಣ ತಗುಲಿದರೆ ಭೂಮಿಗೆ ವಿಷ ಏರುತ್ತೆ ಅಂತ ರೈತರು ನಂಬಿದ್ದ ಕಾಲ ಅದು. ಮರದ ನೇಗಿಲು ಬಿಡೋಕೆ ಯಾರೂ ತಯಾರಿರಲಿಲ್ಲ. ಮೊದಲ ನೇಗಿಲು ಮಾರಾಟ ಆಗೋಕೆ ಎರಡು ವರ್ಷ ಹಿಡೀತು. ಅಂಗಡಿ ಇಟ್ಟವರಿಗೆ ಗೊತ್ತು, ಒಂದು ಮಾಲು ಎರಡು ವರ್ಷ ಹಾಗೇ ಬಿದ್ದಿದ್ರೆ ಹೊಟ್ಟೆ ಎಷ್ಟು ಉರಿಯುತ್ತೆ ಅಂತ. ಅಷ್ಟಾದರೂ ಅವರು ರೈತರನ್ನು ಬೈದುಕೊಂಡು ಬೇರೆ ದಾರಿ ಹಿಡಿಯಲಿಲ್ಲ.

ನೇಗಿಲು ಓಡೋಕೆ ಶುರುವಾದ ಮೇಲೆ ಇನ್ನೊಂದು ಹೊಡೆತ. ಊರು ಬೆಳೆಸೋ ಯೋಜನೆಗೆ ಅಂತ ಬೆಳಗಾವಿ ಪುರಸಭೆ ಕಾರ್ಖಾನೆ ಜಾಗ ಖಾಲಿ ಮಾಡಿಸಿತು. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ರಾಜರು. ಈಗಿನ ಮಹಾರಾಷ್ಟ್ರದ ಕುಂಡಲ್ ರೋಡ್ ರೈಲ್ವೆ ನಿಲ್ದಾಣದ ಹತ್ತಿರ 32 ಎಕರೆ ಜಾಗ, ಜೊತೆಗೆ ಬಡ್ಡಿ ಇಲ್ಲದೆ 10,000 ರೂಪಾಯಿ ಸಾಲ ಕೊಟ್ಟರು. ಜಾಗ ಅಂದ್ರೆ ಕಳ್ಳಿ ಬೆಳೆದ, ನಾಗರಹಾವು ತುಂಬಿದ ಬೀಡು. 1910ರಲ್ಲಿ ಕೆಲಸಗಾರರ ಸಂಸಾರಗಳ ಜೊತೆ ಅಲ್ಲಿಗೇ ಹೋಗಿ ನೆಲ ಹಸನು ಮಾಡಿ ಊರು ಕಟ್ಟಿದರು. ಅದೇ ಕಿರ್ಲೋಸ್ಕರ್‌ವಾಡಿ. ಆ ಊರಲ್ಲಿ ಅಸ್ಪೃಶ್ಯತೆ ಆಚರಿಸುವಂತಿರಲಿಲ್ಲ. ಜೈಲಿಂದ ಬಿಡುಗಡೆಯಾದವರಿಗೆ ರಾತ್ರಿ ಕಾವಲಿನ ಕೆಲಸ ಕೊಟ್ಟಿದ್ದರು.

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ನೇಗಿಲಿನ ಜೊತೆ ಕಬ್ಬು ಅರೆಯುವ ಗಾಣ, ಆಮೇಲೆ ನೀರೆತ್ತುವ ಪಂಪು ಬಂದವು. ಮಗ ಶಂತನುರಾವ್ ಕಾಲಕ್ಕೆ ಸಂಸ್ಥೆ ಮೈಸೂರು ಸೀಮೆಗೂ ಬಂತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ಯಂತ್ರ ಮಾಡಿತು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರ್ ಮಾಡೋ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಬಂತು. ಕಬ್ಬು, ಹಸು, ನೀರು ಈ ಮೂರನ್ನೇ ನಂಬಿರೋ ನಮ್ಮ ಜಿಲ್ಲೆಗೆ ಆ ಮೇಷ್ಟ್ರು ಕೈ ಹಾಕಿದ ಒಂದೊಂದು ಕೆಲಸವೂ ಬೇಕಾದದ್ದೇ.

ಲಕ್ಷ್ಮಣರಾವ್ ತೀರಿಕೊಂಡಿದ್ದು 1956ರ ಸೆಪ್ಟೆಂಬರ್ 26ರಂದು. ಹುಟ್ಟಿ ನೂರು ವರ್ಷ ತುಂಬಿದಾಗ, 1969ರಲ್ಲಿ, ಅಂಚೆ ಇಲಾಖೆ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು.

ಅವಮಾನ ಆಯ್ತು ಅಂತ ಕೆಲಸ ಬಿಡೋದು ಯಾರಿಗೂ ಕಷ್ಟ ಅಲ್ಲ, ಒಂದು ಕಾಗದ ಸಾಕು. ಅವರನ್ನು ಉಳಿಸಿದ್ದು ಆ ಸಿಟ್ಟಲ್ಲ. ಕೆಲಸದಲ್ಲಿ ಇದ್ದಾಗಲೇ ಶುರು ಮಾಡಿದ್ದ ವ್ಯಾಪಾರ, ಊರಲ್ಲಿ ಅಂಗಡಿ ನೋಡಿಕೊಂಡ ಅಣ್ಣ, ಗಿರಾಕಿ ಒಪ್ಪೋ ತನಕ ಎರಡು ವರ್ಷ ಕಾದ ತಾಳ್ಮೆ. ರಾಜೀನಾಮೆ ಬರೆಯೋಕೆ ಮುಂಚೆ ಈ ಮೂರರಲ್ಲಿ ನಮ್ಮ ಹತ್ರ ಎಷ್ಟಿದೆ ಅಂತ ಮನೆಯವರ ಜೊತೆ ಕೂತು ಲೆಕ್ಕ ಹಾಕೋದು ಒಳ್ಳೇದು.