ರಾಸ್‌ಗೆ ನೊಬೆಲ್, ಹುಸೇನ್ ಖಾನ್‌ಗೆ ಎಂಟಾಣೆ

ಮಲೇರಿಯಾ ಎಂದರೆ ಏನೆಂದು ಮಂಗಳೂರು ಕಡೆಯಿಂದ ಬಂದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಸೊಳ್ಳೆಯಿಂದ ಹರಡುವುದನ್ನು ತೋರಿಸಿಕೊಟ್ಟ ಡಾ. ರೊನಾಲ್ಡ್ ರಾಸ್‌ಗೆ ಸೊಳ್ಳೆಯ ಮೊದಲ ಪಾಠ ಆದದ್ದು ನಮ್ಮ ಬೆಂಗಳೂರಿನಲ್ಲೇ.

1857ರಲ್ಲಿ ಅಲ್ಮೋರಾದಲ್ಲಿ ಹುಟ್ಟಿದ ರಾಸ್, 1883ರಲ್ಲಿ ಇಲ್ಲಿನ ದಂಡಿಗೆ ವೈದ್ಯರಾಗಿ ಬಂದರು. ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಹುಡುಕಿದರೆ, ಕಿಟಕಿ ಪಕ್ಕದ ನೀರಿನ ತೊಟ್ಟಿಯಲ್ಲಿ ಮರಿಗಳು! ತೊಟ್ಟಿ ಬೋರಲು ಹಾಕಿದರು, ಕಾಟ ತಗ್ಗಿತು. 1895ರಲ್ಲಿ ಕಾಲರಾ ಬಂದಾಗಲೂ ಅವರನ್ನು ಬೆಂಗಳೂರಿಗೆ ಕಳಿಸಲಾಯಿತು.

ಕೆಟ್ಟ ಗಾಳಿಯಿಂದ ಮಲೇರಿಯಾ ಬರುತ್ತದೆಂದು ಜನ ನಂಬಿದ್ದ ಕಾಲವದು. 1897ರಲ್ಲಿ ಸಿಕಂದರಾಬಾದ್‌ನಲ್ಲಿ ಹುಸೇನ್ ಖಾನ್ ಎಂಬ ರೋಗಿ, ಸೊಳ್ಳೆಗೆ ಒಂದಾಣೆಯಂತೆ ಎಂಟಾಣೆಗೆ ಕಚ್ಚಿಸಿಕೊಂಡರು. ಆಗಸ್ಟ್ 20ರಂದು ಅಂಥದೊಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣು ರಾಸ್ ಕಣ್ಣಿಗೆ ಬಿತ್ತು. ಮರುವರ್ಷ ಕಲ್ಕತ್ತಾದಲ್ಲಿ ಮುಹಮ್ಮದ್ ಬಕ್ಷ್ ಎಂಬ ಸಹಾಯಕರ ಜೊತೆ ದುಡಿದು, ಸೊಳ್ಳೆ ಕಚ್ಚಿಯೇ ಹಕ್ಕಿಯಿಂದ ಹಕ್ಕಿಗೆ ಮಲೇರಿಯಾ ದಾಟುತ್ತದೆಂದು ಸಾಬೀತು ಮಾಡಿದರು. 1902ರಲ್ಲಿ ರಾಸ್‌ಗೆ ನೊಬೆಲ್ ಬಂತು. 1932ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಖಾನ್, ಬಕ್ಷ್ ಇಬ್ಬರನ್ನೂ ನಾವು ಮರೆತೇಬಿಟ್ಟಿದ್ದೇವೆ.

ಲಗ್ಗೆರೆಯ ನಮ್ಮ ಮನೆಗಳಲ್ಲಿ ನೀರು ಬಂದ ದಿನ ಡ್ರಮ್ಮು, ಬಕೆಟ್ಟು ಎಲ್ಲ ತುಂಬಿಸಿಡುತ್ತೇವೆ. ಮುಚ್ಚಳ ಮಾತ್ರ ಮರೆಯುತ್ತೇವೆ. ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು. ಮೊಟ್ಟೆ ಸೊಳ್ಳೆಯಾಗಲು ವಾರವೊಂದು ಬೇಕು ಅಷ್ಟೆ. ಹಾಗಾಗಿ ಪ್ರತಿ ಜುಮಾ ದಿನ ಡ್ರಮ್ಮು ಖಾಲಿ ಮಾಡಿ, ಒಳಗೆ ಉಜ್ಜಿ ತೊಳೆಯೋಣ. ಮಕ್ಕಳು ಯಾಕೆಂದು ಕೇಳಿದರೆ ಹುಸೇನ್ ಖಾನ್ ಕತೆ ಹೇಳೋಣ.