ಮತಯಂತ್ರದ ಹಿಂದಿದ್ದ ಕತೆಗಾರ

2004ರಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆದಾಗ ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡಿನ ಮತದಾರರು ಒಂದೇ ಮತಗಟ್ಟೆಯಲ್ಲಿ ಎರಡು ಸಲ ನೀಲಿ ಗುಂಡಿ ಒತ್ತಿದರು. ಅಂದು ದೇಶದ 543 ಲೋಕಸಭಾ ಕ್ಷೇತ್ರಗಳಲ್ಲಿಯೂ ಮತಪತ್ರದ ಜಾಗಕ್ಕೆ ವಿದ್ಯುನ್ಮಾನ ಮತಯಂತ್ರ ಬಂದಿತ್ತು. ಗುಂಡಿ ಒತ್ತಿದವರಲ್ಲಿ ಅದರ ಹಿಂದಿದ್ದ ಎಸ್. ರಂಗರಾಜನ್ ಅವರ ಹೆಸರು ಬಲ್ಲವರು ವಿರಳ. ತಮಿಳು ಓದುಗರಿಗಾದರೋ ಅವರು ಮನೆಮಾತಾಗಿದ್ದ 'ಸುಜಾತಾ'.

1935ರ ಮೇ 3ರಂದು ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಜನಿಸಿದ ರಂಗರಾಜನ್ ಶ್ರೀರಂಗದ ಅಜ್ಜಿಯ ಮನೆಯಲ್ಲಿ ಬೆಳೆದರು. ತಿರುಚಿರಾಪಳ್ಳಿಯಲ್ಲಿ ಭೌತಶಾಸ್ತ್ರವನ್ನೂ ಮದರಾಸಿನಲ್ಲಿ ಎಲೆಕ್ಟ್ರಾನಿಕ್ಸನ್ನೂ ಓದಿ, ನಾಗರಿಕ ವಿಮಾನಯಾನ ಇಲಾಖೆಯಲ್ಲಿ ದುಡಿದರು. ಅದೇ ಹೆಸರಿನ ಇನ್ನೊಬ್ಬ ಲೇಖಕರಿದ್ದುದರಿಂದ ಪತ್ನಿಯ ಹೆಸರನ್ನೇ ಕಾವ್ಯನಾಮವಾಗಿಸಿಕೊಂಡರು. 1970ರಲ್ಲಿ ಬೆಂಗಳೂರಿನ ಬಿಇಎಲ್ ಸೇರಿದ ಬಳಿಕ ಹಗಲು ಜಾಲಹಳ್ಳಿಯ ಕಾರ್ಖಾನೆ, ಉಳಿದ ಹೊತ್ತು ಕತೆ, ಕಾದಂಬರಿ, ನಾಟಕ.

ಮತಯಂತ್ರ ಒಬ್ಬರ ಸೃಷ್ಟಿಯಲ್ಲ. ಹೈದರಾಬಾದಿನ ಇಸಿಐಎಲ್ 1979ರಲ್ಲಿ ಮಾದರಿಯೊಂದನ್ನು ಸಿದ್ಧಪಡಿಸಿ 1980ರಲ್ಲಿ ರಾಜಕೀಯ ಪಕ್ಷಗಳಿಗೆ ತೋರಿಸಿತ್ತು. ಬಿಇಎಲ್ ತನ್ನ ಕಾರ್ಮಿಕ ಸಂಘದ ಚುನಾವಣೆಗೆಂದು ಯಂತ್ರ ರೂಪಿಸಿಕೊಂಡಿತ್ತು. ಚುನಾವಣಾ ಆಯೋಗ ಎರಡೂ ಸಂಸ್ಥೆಗಳಿಗೆ ಹೊಣೆ ವಹಿಸಿತು. ಬಿಇಎಲ್‌ನಲ್ಲಿ ವಿನ್ಯಾಸ ಮತ್ತು ತಯಾರಿಕೆಯ ಮೇಲ್ವಿಚಾರಣೆ ರಂಗರಾಜನ್ ಅವರ ಪಾಲಿಗೆ ಬಂದಿತು.

ವಿದ್ಯುತ್ತಿಲ್ಲದ ಹಳ್ಳಿಯಲ್ಲಿಯೂ ಯಂತ್ರ ನಡೆಯಬೇಕಿತ್ತು, ಆದ್ದರಿಂದ ಬ್ಯಾಟರಿ. ಓದು ಬಾರದವರಿಗೂ ದಕ್ಕಬೇಕಿತ್ತು; ಆದ್ದರಿಂದ ಚಿಹ್ನೆಯ ಎದುರು ಗುಂಡಿ. ಮತಗಟ್ಟೆ ಅಧಿಕಾರಿ ಅನುವು ಮಾಡಿಕೊಟ್ಟ ಬಳಿಕ ಒಂದೇ ಮತ ದಾಖಲಾಗುತ್ತಿತ್ತು. ಒಂದು ಘಟಕದಲ್ಲಿ 16 ಅಭ್ಯರ್ಥಿಗಳಿಗೆ ಸ್ಥಳವಿತ್ತು. ನಾಲ್ಕು ಘಟಕ ಜೋಡಿಸಿದರೆ 64.

1982ರ ಮೇ ತಿಂಗಳಲ್ಲಿ ಕೇರಳದ ಪರೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಯಂತ್ರದ ಮೊದಲ ಪರೀಕ್ಷೆ ನಡೆಯಿತು. ಬೆಂಗಳೂರಿನ ಶಾಂತಿನಗರವೂ ಸೇರಿ ಇನ್ನು ಕೆಲವು ಕ್ಷೇತ್ರಗಳು ಹಿಂಬಾಲಿಸಿದವು. ಪರೂರಿನ ಸೋಲನ್ನು ಪ್ರಶ್ನಿಸಿದ ಅಭ್ಯರ್ಥಿ ಸುಪ್ರೀಂ ಕೋರ್ಟಿಗೆ ಹೋದರು. ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶವಿಲ್ಲವೆಂದು 1984ರ ಮಾರ್ಚ್ 5ರಂದು ನ್ಯಾಯಾಲಯ ತೀರ್ಪಿತ್ತಿತು. ಆ ಮತಗಟ್ಟೆಗಳಲ್ಲಿ ಮತಪತ್ರದಿಂದ ಮರುಮತದಾನವಾಗಿ ಫಲಿತಾಂಶವೇ ಬದಲಾಯಿತು.

ಯಂತ್ರ ಕೆಟ್ಟಿತೆಂದಲ್ಲ, ಜನರ ಸಮ್ಮತಿ ಶಾಸನದ ರೂಪದಲ್ಲಿ ದೊರೆತಿರಲಿಲ್ಲವೆಂಬುದೇ ತಡೆಯಾಯಿತು. 1988ರಲ್ಲಿ ಸಂಸತ್ತು ಕಾಯ್ದೆ ತಿದ್ದಿತು. 1990ರಲ್ಲಿ ತಜ್ಞರ ಸಮಿತಿ ಯಂತ್ರವನ್ನು ಪರಿಶೀಲಿಸಿ ಒಪ್ಪಿತು. ಆದರೂ ತಯಾರಾದ ಯಂತ್ರಗಳು 1998ರವರೆಗೆ ಕಾದವು. ಆ ವರ್ಷ ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಗಳ 16 ವಿಧಾನಸಭಾ ಕ್ಷೇತ್ರಗಳಲ್ಲಿ ಅವು ಮತ್ತೆ ಬಳಕೆಗೆ ಬಂದವು. ಅಷ್ಟರಲ್ಲಿ ರಂಗರಾಜನ್ ನಿವೃತ್ತರಾಗಿ ಮದರಾಸಿಗೆ ಮರಳಿ, ಚಲನಚಿತ್ರಗಳ ಸಂಭಾಷಣೆಕಾರರಾಗಿಯೂ ಹೆಸರು ಮಾಡಿದ್ದರು. ಮತಯಂತ್ರದ ಕೆಲಸಕ್ಕಾಗಿ ಅವರಿಗೆ ವಾಸ್ವಿಕ್ ಪ್ರಶಸ್ತಿ ಸಂದಿತು.

2008ರ ಫೆಬ್ರುವರಿ 27ರಂದು ಅವರು ತೀರಿಕೊಂಡರು. ಅದೇ ವರ್ಷ ಕ್ಷೇತ್ರ ಮರುವಿಂಗಡಣೆಯಲ್ಲಿ ಕುರುಗೋಡು ವಿಧಾನಸಭಾ ಕ್ಷೇತ್ರ ಇಲ್ಲವಾಯಿತು; ಸಿರುಗುಪ್ಪ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಗುಂಡಿ ಮಾತ್ರ ಉಳಿಯಿತು, ಅದರೊಂದಿಗೆ ಸಂಶಯವೂ. ಹಾಕಿದ ಮತವನ್ನು ಮತದಾರ ಕಣ್ಣಾರೆ ಕಾಣಲು 2013ರಿಂದ ಕಾಗದದ ಚೀಟಿ ತೋರಿಸುವ ಯಂತ್ರ ಜೊತೆಗೂಡಿತು. 2019ರ ಲೋಕಸಭಾ ಚುನಾವಣೆಯಲ್ಲಿ ಅದು ಎಲ್ಲ ಮತಗಟ್ಟೆಗಳಿಗೆ ತಲುಪಿತು. ಎಣಿಕೆಯನ್ನು ಯಂತ್ರಕ್ಕೆ ಒಪ್ಪಿಸಬಹುದು. ನಂಬಿಕೆಯನ್ನು ಪ್ರತಿ ಚುನಾವಣೆಯಲ್ಲಿಯೂ ಹೊಸದಾಗಿ ಗಳಿಸಬೇಕಾಗುತ್ತದೆ ಎಂಬುದಕ್ಕೆ ಪರೂರಿನಿಂದ ಬಳ್ಳಾರಿಯವರೆಗಿನ ಈ ಪಯಣವೇ ಸಾಕ್ಷಿ.