ಮೂವತ್ತು ವರ್ಷ ತಕ್ಕಡಿಯಲ್ಲಿ ಕುಳಿತ ವೈದ್ಯ

ಕಳೆದ ದೀಪಾವಳಿಯಿಂದ ಸಂಕ್ರಾಂತಿವರೆಗೆ ನಾನು ದಿನಕ್ಕೆ ಆರು ಸಲ ತೂಕ ನೋಡಿಕೊಳ್ಳುತ್ತಿದ್ದೆ. ಎದ್ದ ಕೂಡಲೇ ಒಮ್ಮೆ, ಸ್ನಾನ ಮಾಡಿ ಒಮ್ಮೆ, ಮೆಸ್ಸಿಗೆ ಹೋಗುವ ಮುಂಚೆ ಒಮ್ಮೆ, ಉಂಡು ಬಂದ ಮೇಲೆ ಒಮ್ಮೆ, ಸಂಜೆ ಓಡಿ ಬಂದು ಒಮ್ಮೆ, ಮಲಗುವ ಮುಂಚೆ ಇನ್ನೊಮ್ಮೆ. ಆಗ ನನ್ನ ತೂಕ 88 ಕೆ.ಜಿ. ಹಾಸ್ಟೆಲ್ ಗೆಳೆಯರು ನನಗಿಟ್ಟ ಹೆಸರನ್ನು ಇಲ್ಲಿ ಬರೆಯುವುದು ಬೇಡ. ಆನ್‌ಲೈನ್‌ನಲ್ಲಿ ಒಂದು ಡಿಜಿಟಲ್ ತೂಕದ ಯಂತ್ರ ತರಿಸಿ ಮಂಚದ ಕೆಳಗೆ ಇಟ್ಟುಕೊಂಡಿದ್ದೆ. ಅದು 300 ಗ್ರಾಂ ಇಳಿದದ್ದು ತೋರಿಸಿದರೆ ಆ ದಿನವೆಲ್ಲ ಹಬ್ಬ. ಏರಿದರೆ ರಾತ್ರಿಯ ಊಟ ಬಿಡುತ್ತಿದ್ದೆ.

ಒಂದು ಸಲ 86 ನೋಡಲೇಬೇಕೆಂಬ ಹಟಕ್ಕೆ ಬಿದ್ದು ಇಡೀ ದಿನ ನೀರು ಕುಡಿಯದೆ ಕಳೆದೆ. ಮರುದಿನ ಬೆಳಿಗ್ಗೆ ಯಂತ್ರ 86.2 ತೋರಿಸಿತು. ಮಧ್ಯಾಹ್ನ ಲ್ಯಾಬಿನಲ್ಲಿ ಕಣ್ಣು ಕತ್ತಲೆ ಬಂದು ನೆಲಕ್ಕೆ ಕುಳಿತೆ. ಗೆಳೆಯರು ಎರಡು ಬಾಟಲಿ ನೀರು ಕುಡಿಸಿದರು. ರಾತ್ರಿ ಯಂತ್ರದ ಮೇಲೆ ನಿಂತರೆ ಮತ್ತೆ 87.8!

ಅದೂ ನನಗೆ ಬುದ್ಧಿ ಕಲಿಸಲಿಲ್ಲ. ಸಂಕ್ರಾಂತಿ ರಜೆಗೆ ಯಮಕನಮರಡಿಗೆ ಹೋಗುವಾಗ ಯಂತ್ರವನ್ನೂ ಬ್ಯಾಗಿನಲ್ಲಿ ಹಾಕಿಕೊಂಡು ಹೋದೆ. ನಾಲ್ಕನೇ ದಿನ ಒಂಬತ್ತನೇ ತರಗತಿಯ ನನ್ನ ತಂಗಿಯ ಗಣಿತದ ನೋಟ್‌ಬುಕ್ ಕೈಗೆ ಸಿಕ್ಕಿತು. ಕೊನೆಯ ಪುಟದಲ್ಲಿ ನನ್ನ ಹಾಗೆಯೇ ಗೆರೆ ಎಳೆದು ದಿನಾಂಕ, ವೇಳೆ, ತೂಕ ಬರೆದಿದ್ದಳು. 39.4, 39.1, 39.6. ಮೊದಲೇ ಕಡ್ಡಿಯಂತಿರುವ ಹುಡುಗಿ. ಎರಡು ದಿನದಿಂದ ಅರ್ಧ ರೊಟ್ಟಿ ತಾಟಿನಲ್ಲಿ ಬಿಟ್ಟು ಏಳುತ್ತಿದ್ದಾಳೆ, ಏನಾಗಿದೆ ಕೇಳು ಎಂದು ಅವ್ವ ಹಿಂದಿನ ರಾತ್ರಿಯಷ್ಟೇ ನನಗೆ ಹೇಳಿದ್ದಳು. ಲ್ಯಾಬಿನಲ್ಲಿ ತಲೆ ತಿರುಗಿದಾಗ ಆಗದ ಹೆದರಿಕೆ ನನಗೆ ಆಗ ಆಯಿತು.

ರಜೆ ಮುಗಿಸಿ ಬಂದ ಮೇಲೆ ಅಳತೆ ಉಪಕರಣಗಳ ವಿಷಯದ ತರಗತಿಯಲ್ಲಿ ನಮ್ಮ ಸರ್ ಒಂದು ಹೆಸರು ಹೇಳಿದರು: ಸಾಂಟೋರಿಯೊ. ಮೂವತ್ತು ವರ್ಷ ತನ್ನನ್ನು ತಾನೇ ತೂಗಿಕೊಂಡ ಇಟಲಿಯ ವೈದ್ಯ ಎಂದಷ್ಟೇ ಹೇಳಿ ಮುಂದಿನ ಪಾಠಕ್ಕೆ ಹೋದರು. ನಾನು ಮಾತ್ರ ಅಲ್ಲೇ ಉಳಿದೆ. ನನಗಿಂತ ದೊಡ್ಡ ಹುಚ್ಚನೊಬ್ಬ ಇದ್ದನಲ್ಲ ಎಂದು ಗ್ರಂಥಾಲಯದಲ್ಲಿ ಅವನ ಬಗ್ಗೆ ಹುಡುಕಿ ಓದಿದೆ. ಓದುತ್ತಾ ಹೋದಂತೆ, ಅವನು ಹುಚ್ಚನಲ್ಲ, ತೂಗುವುದು ಹೇಗೆಂದು ತಿಳಿಯದವನು ನಾನೇ ಎಂದು ಗೊತ್ತಾಯಿತು.

ಸಾಂಟೋರಿಯೊ ಹುಟ್ಟಿದ್ದು 1561ರಲ್ಲಿ, ಕಾಪೊದಿಸ್ತ್ರಿಯ ಎಂಬ ಕಡಲ ತಡಿಯ ಊರಿನಲ್ಲಿ. ಆಗ ಅದು ವೆನಿಸ್ ಗಣರಾಜ್ಯದ ಆಳ್ವಿಕೆಯಲ್ಲಿತ್ತು. ಇಂದು ಕೋಪರ್ ಎಂಬ ಹೆಸರಿನಲ್ಲಿ ಸ್ಲೊವೇನಿಯಾ ದೇಶದಲ್ಲಿದೆ. ಅಪ್ಪ ವೆನಿಸ್ ಸರ್ಕಾರದ ನೌಕರಿಯಲ್ಲಿದ್ದ. ವೆನಿಸ್ಸಿನ ಒಂದು ಶ್ರೀಮಂತ ಮನೆತನದ ಮಕ್ಕಳ ಜೊತೆ ಓದುವ ಅವಕಾಶ ಹುಡುಗನಿಗೆ ಸಿಕ್ಕಿತು. ಮುಂದೆ ಪಡುವಾ ವಿಶ್ವವಿದ್ಯಾಲಯ ಸೇರಿ 1582ರಲ್ಲಿ ವೈದ್ಯ ಪದವಿ ಪಡೆದ. ಅಂದರೆ ನನಗಿಂತ ಒಂದೇ ವರ್ಷ ದೊಡ್ಡವನಾಗಿದ್ದಾಗ ಅವನು ಡಾಕ್ಟರ್!

ಆ ಕಾಲದ ವೈದ್ಯಕೀಯವೆಂದರೆ ಹಳೆಯ ಗ್ರಂಥಗಳ ಪಾಠ. ಜ್ವರ ಹೆಚ್ಚಿದೆ, ನಾಡಿ ಚುರುಕಾಗಿದೆ ಎಂದು ವೈದ್ಯ ಕೈಯಿಂದ ಮುಟ್ಟಿ ಅಂದಾಜು ಹೇಳುತ್ತಿದ್ದ. ನಿನ್ನೆಗಿಂತ ಎಷ್ಟು ಹೆಚ್ಚು ಎಂದು ಕೇಳಿದರೆ ಉತ್ತರವಿರಲಿಲ್ಲ. ಸಾಂಟೋರಿಯೊಗೆ ಈ ಎಷ್ಟು ಎಂಬ ಪ್ರಶ್ನೆಯೇ ಮುಖ್ಯವಾಯಿತು. ಅವನ ಮೊದಲ ಪುಸ್ತಕದ ವಿಷಯವೇ ವೈದ್ಯರು ಮಾಡುವ ತಪ್ಪುಗಳನ್ನು ತಪ್ಪಿಸುವ ಬಗೆ. ಸೆಕೆಂಡು ತೋರಿಸುವ ಗಡಿಯಾರ ಕೈಗೆ ಸಿಗದ ಕಾಲದಲ್ಲಿ ಅವನು ನಾಡಿ ಅಳೆಯಲು ಒಂದು ದಾರಕ್ಕೆ ಗುಂಡು ಕಟ್ಟಿದ. ಗುಂಡಿನ ಓಲಾಟ ರೋಗಿಯ ನಾಡಿಗೆ ಹೊಂದುವವರೆಗೆ ದಾರವನ್ನು ಗಿಡ್ಡ ಉದ್ದ ಮಾಡುವುದು. ಹೊಂದಿದಾಗ ದಾರದ ಉದ್ದವೇ ನಾಡಿಯ ಅಳತೆ. ನಾವು ಪಿಯುಸಿಯಲ್ಲಿ ಮಾಡಿದ ಸರಳ ಲೋಲಕದ ಪ್ರಯೋಗ ಅವನ ಕೈಯಲ್ಲಿ ಆಸ್ಪತ್ರೆಯ ಉಪಕರಣವಾಗಿತ್ತು. ಬಿಸಿ ತಣ್ಣಗೆ ತೋರಿಸುವ ಗಾಜಿನ ಕೊಳವೆಗೆ ಗುರುತು ಹಾಕಿ, ಅದರ ಬುರುಡೆಯನ್ನು ರೋಗಿಯ ಬಾಯಲ್ಲಿಟ್ಟು ಜ್ವರ ನೋಡಿದ ಮೊದಲಿಗರಲ್ಲಿ ಅವನೂ ಒಬ್ಬ.

1611ರಲ್ಲಿ ಅವನು ಪಡುವಾದಲ್ಲಿಯೇ ಪ್ರಾಧ್ಯಾಪಕನಾದ. ಗೆಲಿಲಿಯೋ ಹದಿನೆಂಟು ವರ್ಷ ಪಾಠ ಮಾಡಿ 1610ರಲ್ಲಷ್ಟೇ ಬಿಟ್ಟುಹೋಗಿದ್ದ ವಿಶ್ವವಿದ್ಯಾಲಯ ಅದು. ಇಬ್ಬರಿಗೂ ಪರಿಚಯವಿತ್ತು. ಸಾಂಟೋರಿಯೊ ತನ್ನ ಪುಸ್ತಕವನ್ನು ಪತ್ರದೊಡನೆ ಗೆಲಿಲಿಯೋಗೆ ಕಳಿಸಿದ್ದೂ ಉಂಟು.

ಆ ಪುಸ್ತಕವೇ ಅವನಿಗೆ ಯುರೋಪಿನಲ್ಲೆಲ್ಲ ಹೆಸರು ತಂದದ್ದು. 1614ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅಚ್ಚಾದ ಅದರ ಹೆಸರು ದೆ ಸ್ಟಾಟಿಕಾ ಮೆಡಿಸಿನಾ. ತೂಗಿ ನೋಡುವ ವೈದ್ಯ ಎಂದು ಅರ್ಥ ಮಾಡಿಕೊಳ್ಳಬಹುದು. ಅದರ ಹಿಂದಿದ್ದದ್ದು ಒಂದು ಕುರ್ಚಿ. ಮೇಲಿನ ತೊಲೆಗೆ ಒಂದು ದೊಡ್ಡ ತಕ್ಕಡಿ, ಅದರ ಗಿಡ್ಡ ತೋಳಿಗೆ ತೂಗುಬಿಟ್ಟ ಕುರ್ಚಿ, ಉದ್ದ ತೋಳಿನ ಮೇಲೆ ಸರಿಸುವ ಗುಂಡು. ಮುಂದೆ ಊಟದ ಮೇಜು. ಕುರ್ಚಿಯಲ್ಲಿ ಕುಳಿತು, ಈ ಹೊತ್ತಿಗೆ ಎಷ್ಟು ಉಣ್ಣಬೇಕೆಂದು ಗುಂಡನ್ನು ಮೊದಲೇ ಸರಿಸಿಟ್ಟು ಉಣ್ಣಲು ತೊಡಗುವುದು. ಅಷ್ಟು ಹೊಟ್ಟೆಗೆ ಬಿದ್ದ ಕೂಡಲೇ ಕುರ್ಚಿ ತುಸು ಕೆಳಗೆ ಇಳಿಯುತ್ತದೆ. ಊಟ ಸಾಕು! ಇಂದಿನ ಯಾವ ಡಯಟ್ ಆ್ಯಪ್ ಕೂಡ ನಮ್ಮನ್ನು ಹೀಗೆ ತಾಟಿನಿಂದ ದೂರ ಎಳೆಯುವುದಿಲ್ಲ.

ಆದರೆ ಅವನಿಗೆ ಬೇಕಾಗಿದ್ದದ್ದು ತೆಳ್ಳಗಾಗುವುದಲ್ಲ. ಉಣ್ಣುವ ಮುಂಚೆ, ಉಂಡ ಮೇಲೆ, ನಿದ್ದೆಯ ನಂತರ, ದುಡಿದ ಮೇಲೆ ತನ್ನನ್ನು ತೂಗಿದ. ತಿಂದದ್ದನ್ನು, ಕುಡಿದದ್ದನ್ನು ತೂಗಿದ. ಕೊನೆಗೆ ಮಲಮೂತ್ರವನ್ನೂ ತೂಗಿದ. ಲೆಕ್ಕ ಹೊಂದಲಿಲ್ಲ. ಒಳಗೆ ಹೋದದ್ದು ಎಂಟು ಪೌಂಡಾದರೆ, ಕಣ್ಣಿಗೆ ಕಾಣುವಂತೆ ಹೊರಗೆ ಬಂದದ್ದು ಸುಮಾರು ಮೂರು ಪೌಂಡು. ಉಳಿದ ಐದು ಪೌಂಡು ಎಲ್ಲಿ ಹೋಯಿತು? ಚರ್ಮದಿಂದ, ಉಸಿರಿನಿಂದ ಕಾಣದ ಹಾಗೆ ಆವಿಯಾಗಿ ಹೋಗುತ್ತಿದೆ ಎಂದು ಅವನು ತೀರ್ಮಾನಿಸಿದ. ದೇಹವನ್ನು ಒಂದು ಯಂತ್ರದಂತೆ ಕಂಡು, ಒಳಹರಿವು ಹೊರಹರಿವು ತಾಳೆ ನೋಡಿದ ಮೊದಲ ದೊಡ್ಡ ಪ್ರಯೋಗ ಇದು. ಎಂಜಿನಿಯರಿಂಗ್ ಓದುವವರಿಗೆ ಇದು ಪರಿಚಯದ ಲೆಕ್ಕವೇ.

ಅವನು ಎಡವಿದ್ದೂ ಇದೆ. ಈ ಕಾಣದ ಬೆವರು ಸರಿಯಾಗಿ ಹೋಗದಿದ್ದರೆ ರೋಗ ಬರುತ್ತದೆ ಎಂದು ನಂಬಿ, ಎಷ್ಟೋ ಕಾಯಿಲೆಗಳಿಗೆ ಅದನ್ನೇ ಕಾರಣ ಮಾಡಿದ. ಆಮ್ಲಜನಕವೆಂಬುದೊಂದಿದೆ, ಉಸಿರಾಟ ಒಂದು ಬಗೆಯ ದಹನ ಎಂದು ಲೆವಾಸಿಯೆ ತೋರಿಸಿಕೊಡಲು ಇನ್ನೂ ನೂರೈವತ್ತು ವರ್ಷಕ್ಕಿಂತ ಹೆಚ್ಚು ಕಾಲ ಬೇಕಿತ್ತು. ಇನ್ನೊಂದು ಕೊರತೆ ನನ್ನಂಥವರಿಗೆ ಬೇಸರ ತರುವಂಥದ್ದು. ಪುಸ್ತಕದಲ್ಲಿ ಚಿಕ್ಕ ಚಿಕ್ಕ ಸೂತ್ರಗಳಿವೆ, ದಿನದಿನದ ಅಂಕಿಗಳ ಪಟ್ಟಿಯಿಲ್ಲ. ಮೂವತ್ತು ವರ್ಷದ ರೀಡಿಂಗ್ ನಮಗೆ ಸಿಕ್ಕಿಲ್ಲ.

1624ರಲ್ಲಿ ಅವನು ಪಡುವಾದ ಹುದ್ದೆ ಬಿಟ್ಟು ವೆನಿಸ್‌ಗೆ ಮರಳಿದ. ಕುರ್ಚಿಯಲ್ಲಿ ಕುಳಿತ ಅವನ ಪ್ರಸಿದ್ಧ ಚಿತ್ರ ಮರುವರ್ಷ ಬಂದ ಇನ್ನೊಂದು ಪುಸ್ತಕದಲ್ಲಿ ಅಚ್ಚಾಯಿತು. 1636ರಲ್ಲಿ ವೆನಿಸ್ಸಿನಲ್ಲಿಯೇ ತೀರಿಕೊಂಡ. ಅವನ ಸ್ಟಾಟಿಕಾ ಪುಸ್ತಕ ಮುಂದೆ ನೂರು ವರ್ಷ ದಾಟಿಯೂ ಬೇರೆ ಬೇರೆ ಭಾಷೆಗಳಲ್ಲಿ ಮರುಮುದ್ರಣವಾಗುತ್ತಲೇ ಇತ್ತು.

ಇದನ್ನೆಲ್ಲ ಓದಿದ ಮೇಲೆ ನನ್ನ ನೋಟ್‌ಬುಕ್ ತೆಗೆದೆ. ದಿನಕ್ಕೆ ಆರು ರೀಡಿಂಗ್, ಎರಡೂವರೆ ತಿಂಗಳು. ಅದರಲ್ಲಿ ನಾನು ಅಳೆದದ್ದೇನು? ಲೆಕ್ಕ ಹಾಕಿದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ, ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿಯಂತೆ, ಒಂದು ದಿನಕ್ಕೆ ಕರಗುವ ಕೊಬ್ಬು 65 ಗ್ರಾಂ. ನನ್ನ ಯಂತ್ರದ ಲೀಸ್ಟ್ ಕೌಂಟ್ 100 ಗ್ರಾಂ! ಅಂದರೆ ಒಂದು ದಿನದ ನಿಜವಾದ ಇಳಿಕೆಯನ್ನು ಆ ಯಂತ್ರ ತೋರಿಸಲಾರದು. ಅದು ತೋರಿಸುತ್ತಿದ್ದದ್ದು ಕುಡಿದ ನೀರು, ಉಪ್ಪಿನಕಾಯಿಗೆ ಮೈಯಲ್ಲಿ ನಿಂತ ನೀರು, ಹೊಟ್ಟೆಯಲ್ಲಿದ್ದ ಊಟ. ಡಯಟ್ ಶುರು ಮಾಡಿದ ಮೊದಲ ವಾರ ಒಂದೆರಡು ಕಿಲೋ ಬೇಗ ಇಳಿಯುವುದೂ ಹೆಚ್ಚಾಗಿ ನೀರೇ. ಪಿತ್ತಜನಕಾಂಗ, ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೊಜನ್ ಖರ್ಚಾದಾಗ ಅದರ ಜೊತೆಗಿದ್ದ ಸುಮಾರು ಮೂರು ಪಟ್ಟು ನೀರೂ ಹೋಗುತ್ತದೆ.

ಇದು ಅಪ್ಪನಿಗೆ ಮೊದಲೇ ಗೊತ್ತಿತ್ತು. ನಮ್ಮ ಕಡೆ ಕಬ್ಬು ಕಡಿದು ಟ್ರೇಲರ್‌ಗೆ ಹೇರಿದ ಮೇಲೆ ಕಾರ್ಖಾನೆಯ ಮುಂದೆ ಪಾಳಿ ಹಚ್ಚಬೇಕು. ಒಂದು ದಿನ ತಡವಾದರೂ ಕಬ್ಬು ಒಣಗಿ ತೂಕ ಇಳಿಯುತ್ತದೆ. ಆ ಇಳಿಕೆಗೆ ಯಾವ ರೈತನೂ ಖುಷಿಪಡುವುದಿಲ್ಲ. ಹೋದದ್ದು ನೀರು ಎಂದು ಅವನಿಗೆ ಗೊತ್ತು. ಕಾಟಾದ ಮೇಲೆ ಹೇರಿದ ಗಾಡಿಯನ್ನು ಒಮ್ಮೆ ತೂಗುತ್ತಾರೆ, ಇಳಿಸಿದ ಮೇಲೆ ಖಾಲಿ ಗಾಡಿಯನ್ನು ಇನ್ನೊಮ್ಮೆ. ಅದೇ ಕಾಟಾ, ಅದೇ ಗಾಡಿ ಇದ್ದರೆ ಮಾತ್ರ ಲೆಕ್ಕ ಸರಿ. ನಾನೋ ಒಮ್ಮೆ ಉಂಡು, ಒಮ್ಮೆ ಉಪವಾಸ, ಒಮ್ಮೆ ಜೀನ್ಸ್ ತೊಟ್ಟು, ಒಮ್ಮೆ ಚಡ್ಡಿಯಲ್ಲಿ ನಿಂತು ಒಂದಕ್ಕೊಂದು ಹೋಲಿಸುತ್ತಿದ್ದೆ.

ಹಾಗಾದರೆ ಎಷ್ಟು ಸಲ ತೂಗಬೇಕು? ನಾನು ಕಂಡುಕೊಂಡದ್ದು ಇಷ್ಟು. ದಿನಾ ತೂಗುವುದಾದರೆ ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನದೆ ಕುಡಿಯದೆ, ಒಂದೇ ಬಗೆಯ ಬಟ್ಟೆಯಲ್ಲಿ, ಗಟ್ಟಿ ನೆಲದ ಮೇಲೆ ಯಂತ್ರವಿಟ್ಟು. ಆ ದಿನದ ಅಂಕಿ ನೋಡಿ ಏನೂ ತೀರ್ಮಾನಿಸಬಾರದು. ಏಳು ದಿನದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಬೇಕು. ದಿನಕ್ಕೆ 65 ಗ್ರಾಂ ಕಾಣದಿದ್ದರೂ ವಾರಕ್ಕೆ ಸುಮಾರು 450 ಗ್ರಾಂ ಕಾಣುತ್ತದೆ. ಇಷ್ಟು ಲೆಕ್ಕ ಬೇಡವೆನ್ನುವವರು ವಾರಕ್ಕೊಮ್ಮೆ, ಒಂದೇ ವಾರ ಒಂದೇ ವೇಳೆಗೆ ತೂಗಿದರೆ ಸಾಕು. ಹುಡುಗಿಯರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತು ತೂಕ ಏರಬಹುದು. ಅವರು ವಾರಕ್ಕಿಂತ ತಿಂಗಳಿಗೆ ತಿಂಗಳು ಹೋಲಿಸುವುದೇ ಒಳ್ಳೆಯದು. ಇನ್ನು, ಅಂಕಿ ನೋಡಿ ಊಟ ಬಿಡುವವರು, ನೀರು ಬಿಡುವವರು, ದಿನವೆಲ್ಲ ಅದನ್ನೇ ನೆನೆಯುವವರು ಯಂತ್ರವನ್ನೇ ಬಿಟ್ಟು ಒಬ್ಬ ವೈದ್ಯರನ್ನು ಕಾಣಬೇಕು. ಎರಡೂವರೆ ತಿಂಗಳು ನಾನು ಆ ಸಾಲಿನಲ್ಲಿದ್ದೆ. ಬೆಳೆಯುವ ವಯಸ್ಸಿನ ಮಕ್ಕಳಿಗಂತೂ ತೂಕ ಏರಲೇಬೇಕು.

ಸಾಂಟೋರಿಯೊನ ಕಾಣದ ಐದು ಪೌಂಡಿನ ಕಥೆಗೆ ಈಚೆಗೆ ಸೇರಿದ ಒಂದು ಮಾತೂ ಇದೆ. ಕರಗಿದ ಕೊಬ್ಬು ಎಲ್ಲಿ ಹೋಗುತ್ತದೆ ಎಂದು 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಲೆಕ್ಕ ಹಾಕಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಹತ್ತು ಕಿಲೋ ಕೊಬ್ಬು ಕರಗಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಕಾಣದ ಹಾಗೆ ಹೋಗುತ್ತಿದೆ ಎಂದ ನಾಲ್ಕು ಶತಮಾನದ ಹಿಂದಿನ ವೈದ್ಯನ ಮಾತಿನಲ್ಲಿ ಸತ್ಯವಿತ್ತು.

ಯುಗಾದಿಗೆ ಊರಿಗೆ ಹೋದಾಗ ತಂಗಿಯನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಈ ಕುರ್ಚಿಯ ಕಥೆ ಹೇಳಿದೆ. ನನ್ನ ನೋಟ್‌ಬುಕ್ ಅವಳ ಮುಂದೆಯೇ ತೆರೆದು, ಒಂದೇ ದಿನದಲ್ಲಿ ಒಂದೂವರೆ ಕಿಲೋ ಹೇಗೆ ಏರಿ ಇಳಿದಿದೆ ತೋರಿಸಿದೆ. ಲ್ಯಾಬಿನಲ್ಲಿ ಬಿದ್ದದ್ದನ್ನೂ ಹೇಳಿದೆ, ಅವ್ವನಿಗೆ ಹೇಳಬೇಡ ಎಂದು. ಎಲ್ಲ ಕೇಳಿ ಅವಳು ಒಂದೇ ಪ್ರಶ್ನೆ ಹಾಕಿದಳು. ಅಣ್ಣಾ, ಅಷ್ಟು ವರ್ಷ ತೂಗಿದನಲ್ಲ, ಕೊನೆಗೆ ಅವನು ತೆಳ್ಳಗಾದನೇ ಎಂದು. ಅದು ಅವನ ಪ್ರಶ್ನೆಯೇ ಆಗಿರಲಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಹೋದಳು. ಆ ರಾತ್ರಿ ಅವಳು ಎರಡು ಹೋಳಿಗೆ ತಿಂದಳು. ನಾನು ಒಂದು ತಿಂದೆ. ಯಂತ್ರ ಹಾಸ್ಟೆಲ್‌ನಲ್ಲೇ ಇತ್ತು.